ಮೈಲೇಜ್ ಲೆಕ್ಕಕ್ಕೆ ಯಾವ ಕಾರು: ಡೀಸೆಲ್ಲಾ, ಹೈಬ್ರಿಡ್ಡಾ, ಎಲೆಕ್ಟ್ರಿಕ್ಕಾ?

ಹಿಂದಿನಸೀಟು:

ನಮಸ್ಕಾರ ಎಲ್ಲರಿಗೂ. ಮನೆಯ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ, ಈ ವರ್ಷ ಬದಲಾಯಿಸಲೇಬೇಕು. ಸ್ಪೀಡು, ಸನ್‌ರೂಫು, ದೊಡ್ಡ ಸ್ಕ್ರೀನು ಯಾವುದೂ ನನಗೆ ಮುಖ್ಯ ಅಲ್ಲ. ಓಡಿಸುವ ಖರ್ಚು ಕಡಿಮೆ ಆಗಬೇಕು, ಅಷ್ಟೇ.

ಬಳಕೆ ಹೀಗಿದೆ. ಆಫೀಸಿಗೆ ಹೋಗಿಬರಲು ದಿನಕ್ಕೆ ಸುಮಾರು 40 ಕಿ.ಮೀ., ಅದರಲ್ಲಿ ಮುಕ್ಕಾಲು ಪಾಲು ಸಿಗ್ನಲ್, ಜಾಮ್, ಮತ್ತೆ ಸಿಗ್ನಲ್. ತಿಂಗಳಿಗೊಮ್ಮೆ ಹೈವೇಯಲ್ಲಿ ದೂರದ ಪ್ರಯಾಣ, ಹೋಗಿಬರುವುದು ಸೇರಿ 500 ಕಿ.ಮೀ. ಆಗಬಹುದು. ವರ್ಷಕ್ಕೆ ಒಟ್ಟು 15,000 ಕಿ.ಮೀ. ಆಸುಪಾಸು. ಮನೆಯಲ್ಲಿ ನಾಲ್ಕು ಜನ, ಮಧ್ಯಮ ಗಾತ್ರದ ಕಾರು ಸಾಕು. ಈಗಿನ ಕಾರು ಲೀಟರಿಗೆ 14 ಕೊಟ್ಟರೆ ಹೆಚ್ಚು.

ಒಬ್ಬರು ಮೈಲೇಜ್ ಅಂದರೆ ಡೀಸೆಲ್ಲೇ ಅನ್ನುತ್ತಾರೆ. ಶೋರೂಮಿನವರು ಹೈಬ್ರಿಡ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಆಫೀಸಿನಲ್ಲಿ ಒಬ್ಬ ಗೆಳೆಯ ಇದ್ದಾನೆ, ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ನಮ್ಮನ್ನೆಲ್ಲ ಹಳೇ ಕಾಲದವರ ಥರ ನೋಡುತ್ತಾನೆ. ಮೂರು ಜನರೂ ಅವರವರ ಬ್ರೋಷರ್ ತೋರಿಸುತ್ತಾರೆ, ಒಂದೊಂದರಲ್ಲೂ ಅವರವರ ಕಾರೇ ಗೆದ್ದಿರುತ್ತದೆ. ನಿಜವಾಗಿ ಹೋಲಿಸುವುದು ಹೇಗೆ? ಒಂದರಲ್ಲಿ ಲೀಟರಿಗೆ ಇಷ್ಟು ಕಿ.ಮೀ. ಅಂತ ಇದೆ, ಇನ್ನೊಂದರಲ್ಲಿ ಒಂದು ಚಾರ್ಜಿಗೆ ಇಷ್ಟು ಅಂತ ಇದೆ. ತಲೆ ಕೆಟ್ಟಿದೆ.

ಲೆಕ್ಕದಪುಸ್ತಕ:

ಸರ್, ಮೊದಲು "ಲೀಟರಿಗೆ ಎಷ್ಟು ಕಿ.ಮೀ." ಅನ್ನುವುದನ್ನು ಪಕ್ಕಕ್ಕಿಡಿ. ಅದು ಕಣ್ಣಿಗೆ ಮಣ್ಣೆರಚುತ್ತದೆ. 10 ಕೊಡುವ ಕಾರು ಬಿಟ್ಟು 12 ಕೊಡುವ ಕಾರು ತಗೊಂಡರೆ ಸಾವಿರ ಕಿ.ಮೀ.ಗೆ ಸುಮಾರು 17 ಲೀಟರ್ ಉಳಿಯುತ್ತದೆ. 20 ಬಿಟ್ಟು 25ಕ್ಕೆ ಹೋದರೆ ಉಳಿಯುವುದು 10 ಲೀಟರ್ ಮಾತ್ರ. ನೋಡಿದರೆ ಎರಡನೆಯದೇ ದೊಡ್ಡ ಜಿಗಿತ ಅನ್ನಿಸುತ್ತದೆ ಅಲ್ವಾ? ಅದಕ್ಕೇ "100 ಕಿ.ಮೀ.ಗೆ ಎಷ್ಟು ಬೇಕು" ಅಂತ ತಿರುಗಿಸಿ ನೋಡಿ, ಅಥವಾ ನೇರವಾಗಿ ವರ್ಷಕ್ಕೆ ಎಷ್ಟು ಅಂತ.

ನಿಮ್ಮ 15,000 ಕಿ.ಮೀ. ಹಾಕಿ ನೋಡೋಣ. ಈಗಿನ ಕಾರು 14ರ ಲೆಕ್ಕದಲ್ಲಿ ಸುಮಾರು 1,070 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದೇ ಗಾತ್ರದ ಡೀಸೆಲ್ ಕಾರಿಗೆ ನಿಮ್ಮಂಥ ಟ್ರಾಫಿಕ್‌ನಲ್ಲಿ 18 ಅಂತ ಇಟ್ಟುಕೊಂಡರೆ 830 ಲೀಟರ್. ಒಳ್ಳೆಯ ಫುಲ್ ಹೈಬ್ರಿಡ್‌ಗೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರಿಗೆ, 22 ಅಂತ ಹಿಡಿದರೆ 680 ಲೀಟರ್. ಎಲೆಕ್ಟ್ರಿಕ್ ಕಾರಿಗೆ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ 100 ಕಿ.ಮೀ.ಗೆ 18 ಯೂನಿಟ್ ಹಿಡಿದರೆ 2,700 ಯೂನಿಟ್. ಇವು ನಾನು ಅಂದಾಜಿಗೆ ಹಾಕಿದ ಅಂಕಿಗಳು. ನೀವು ನೋಡುತ್ತಿರುವ ಕಾರಿನ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿ.

ಈಗ ಮುಖ್ಯ ವಿಷಯ. 680ನ್ನು 2,700ರಿಂದ ಭಾಗಿಸಿ, ಸರಿಸುಮಾರು ಕಾಲು ಬರುತ್ತದೆ. ಅಂದರೆ ನೀವು ಚಾರ್ಜ್ ಮಾಡುವ ಕಡೆ ಒಂದು ಯೂನಿಟ್ ಕರೆಂಟಿನ ದರ, ಒಂದು ಲೀಟರ್ ಪೆಟ್ರೋಲ್ ದರದ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಎಲೆಕ್ಟ್ರಿಕ್ ಗೆದ್ದಿತು. ಜಾಸ್ತಿ ಇದ್ದರೆ ಹೈಬ್ರಿಡ್. ಡೀಸೆಲ್ ಜೊತೆ ಹೋಲಿಸಿದರೆ ಗಡಿ ಇನ್ನೂ ಸಡಿಲ, ಲೀಟರ್ ಡೀಸೆಲ್ ದರದ ಶೇಕಡಾ 30ರವರೆಗೂ ಕರೆಂಟೇ ಅಗ್ಗ. ಯಾವ ದೇಶದಲ್ಲಿದ್ದರೂ ಬಿಲ್ಲು ಕೈಯಲ್ಲಿ ಹಿಡಿದು ಎರಡು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ಮನೆಯ ಕರೆಂಟು ಸಾಮಾನ್ಯವಾಗಿ ಈ ಗಡಿಯೊಳಗೆ ಆರಾಮಾಗಿ ಬರುತ್ತದೆ. ಹೈವೇ ಪಕ್ಕದ ಫಾಸ್ಟ್ ಚಾರ್ಜರ್ ಎಷ್ಟೋ ಕಡೆ ಬರುವುದಿಲ್ಲ.

ಹಾಗಾಗಿ ನೀವು ಹೇಳದೇ ಬಿಟ್ಟ ಒಂದು ಮಾತು ಬೇಕು. ಮನೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇದೆಯಾ?

ಟಾರ್ಕ್‌ಪ್ರಿಯ:

ಡೀಸೆಲ್‌ಗೆ ಇಷ್ಟು ಬೇಗ ತಿಥಿ ಮಾಡಬೇಡಿ ಗುರು. ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು, ಒಂದೇ ವೇಗದಲ್ಲಿ ನೂರಾರು ಕಿಲೋಮೀಟರ್. ಅಲ್ಲಿ ಡೀಸೆಲ್ ಕೊಡುವ ಮೈಲೇಜ್ ನೋಡಿ ಆಮೇಲೆ ಮಾತಾಡಿ. ಅದಕ್ಕೆ ಕಾರಣವೂ ಇದೆ. ಡೀಸೆಲ್ ಎಂಜಿನ್ ಗಾಳಿಯನ್ನು ಪೆಟ್ರೋಲ್ ಎಂಜಿನ್‌ಗಿಂತ ಜಾಸ್ತಿ ಒತ್ತುತ್ತದೆ, ಸಾಮಾನ್ಯವಾಗಿ 15ರಿಂದ 18 ಪಟ್ಟು. ಮಾಮೂಲಿ ಪೆಟ್ರೋಲ್ ಎಂಜಿನ್‌ನಲ್ಲಿ ಕಾಲು ಹಗುರ ಇಟ್ಟಾಗ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಅರ್ಧ ಮುಚ್ಚಿರುತ್ತದೆ, ಎಂಜಿನ್ ಉಸಿರು ಎಳೆದುಕೊಳ್ಳುವುದಕ್ಕೇ ಒದ್ದಾಡುತ್ತದೆ. ಡೀಸೆಲ್‌ಗೆ ಆ ಕಾಟ ಇಲ್ಲ, ಎಷ್ಟು ಶಕ್ತಿ ಬೇಕೋ ಅಷ್ಟೇ ಇಂಧನ ಚಿಮ್ಮಿಸಿ ಕೆಲಸ ಮುಗಿಸುತ್ತದೆ. ಬ್ರೇಕ್ ಹಾಕಿದಾಗ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುವ ಹೈಬ್ರಿಡ್‌ನ ಉಳಿತಾಯ ಹೈವೇಯಲ್ಲಿ ಎಲ್ಲಿಂದ ಬರುತ್ತದೆ ಹೇಳಿ? ಬ್ರೇಕ್ ಹಾಕಿದರೆ ತಾನೇ!

ತಿಂಗಳಿಗೆ ಒಂದಲ್ಲ, ವಾರಕ್ಕೆ ಎರಡು ಸಲ ಹೈವೇ ಹಿಡಿಯುವವರಾದರೆ ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ ಅನ್ನುತ್ತೇನೆ.

ಲೆಕ್ಕದಪುಸ್ತಕ:

ಒಪ್ಪಿದೆ ಸರ್, ಹೈವೇ ವಿಷಯದಲ್ಲಿ ನಿಮ್ಮ ಮಾತು ನಿಜ. ಒಂದು ಸಣ್ಣ ತಕರಾರು ಮಾತ್ರ. ಡೀಸೆಲ್ ಪೆಟ್ರೋಲ್‌ಗಿಂತ ದಪ್ಪ, ಒಂದು ಲೀಟರ್‌ನಲ್ಲಿ ಶೇಕಡಾ 12ರಷ್ಟು ಜಾಸ್ತಿ ಶಕ್ತಿ ತುಂಬಿರುತ್ತದೆ. ಹಾಗಾಗಿ ಲೀಟರಿಗೆ ಲೀಟರ್ ಹೋಲಿಸಿದಾಗ ಡೀಸೆಲ್‌ನ ಗೆಲುವಿನಲ್ಲಿ ಎಂಜಿನ್ನಿನ ಜಾಣತನ ಸ್ವಲ್ಪ, ಇಂಧನದ ತೂಕ ಸ್ವಲ್ಪ. ಹೊಗೆಯ ಲೆಕ್ಕದಲ್ಲೂ ಅಷ್ಟೇ, ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಸುಟ್ಟರೆ 2.6 ಕಿಲೋಗಿಂತ ಜಾಸ್ತಿ. ಜೇಬಿನ ಲೆಕ್ಕಕ್ಕೆ ಬಂದರೆ ನೀವು ಬಂಕಿನಲ್ಲಿ ಲೀಟರಿಗೇ ದುಡ್ಡು ಕೊಡುವುದು, ಅದಕ್ಕೆ ಅಲ್ಲಿ ಡೀಸೆಲ್‌ನ ಗೆಲುವು ಗೆಲುವೇ.

ಗ್ರೀಸ್‌ಕೈ:

ಗ್ಯಾರೇಜ್ ಕಡೆಯಿಂದ ಒಂದು ಮಾತು. ಪ್ರಶ್ನೆ ಕೇಳಿದವರ ದಿನಚರಿ ನೋಡಿದರೆ ಹೊಸ ಡೀಸೆಲ್ ಕಾರು ಅವರಿಗೆ ಆಗಿಬರುವುದಿಲ್ಲ. ಮೈಲೇಜ್ ಕಮ್ಮಿ ಅಂತಲ್ಲ, ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಡಿಪಿಎಫ್ ಅನ್ನುವ ಫಿಲ್ಟರಿನಿಂದ.

ಡೀಸೆಲ್ ಮಸಿಯನ್ನು ಆ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಬೇಕು. ಹೈವೇಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಗೊತ್ತೇ ಆಗದ ಹಾಗೆ ಕೆಲಸ ಮುಗಿಯುತ್ತದೆ. ಜಾಮ್‌ನಲ್ಲಿ ತೆವಳುವ ಕಾರಿಗೆ ಅಷ್ಟು ಬಿಸಿ ಬರುವುದಿಲ್ಲ. ಆಗ ಎಂಜಿನ್ ಜಾಸ್ತಿ ಡೀಸೆಲ್ ಚಿಮ್ಮಿಸಿ ಬಿಸಿ ಮಾಡಲು ನೋಡುತ್ತದೆ, ಅಷ್ಟರಲ್ಲಿ ಆಫೀಸು ಬಂತು, ಕೀ ತಿರುಗಿಸಿ ಆಫ್ ಮಾಡಿದಿರಿ, ಅರ್ಧಕ್ಕೇ ನಿಂತಿತು. ನಾಳೆ ಮತ್ತೆ ಅದೇ ಕಥೆ. ಮೈಲೇಜ್ ಕುಸಿಯುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮಟ್ಟ ಏರಿರುತ್ತದೆ, ಜನ "ಪರವಾಗಿಲ್ಲ, ಆಯಿಲ್ ಖರ್ಚಾಗಿಲ್ಲ" ಅಂತ ಖುಷಿಪಡುತ್ತಾರೆ. ಆ ಆಯಿಲ್ ತೆಳುವಾಗಿ ಬೇರಿಂಗು ತಿನ್ನುತ್ತದೆ ಸ್ವಾಮಿ.

ಇದರ ಮೇಲೆ ಎಷ್ಟೋ ಕಾರುಗಳಿಗೆ ಯೂರಿಯಾ ದ್ರಾವಣದ ಇನ್ನೊಂದು ಟ್ಯಾಂಕು. ಅದರಲ್ಲಿ ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡಲು. ಅದು ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಾಫ್ಟ್‌ವೇರ್ ಕೈಚಳಕ ಮಾಡಿ ಪರೀಕ್ಷೆಯಲ್ಲಿ ಮಾತ್ರ ಶುದ್ಧ ಹೊಗೆ ತೋರಿಸಿದ್ದು ಸಿಕ್ಕಿಬಿದ್ದ ಮೇಲೆ ಡೀಸೆಲ್ ಮೇಲಿನ ಕಣ್ಗಾವಲು ಇನ್ನೂ ಬಿಗಿಯಾಯಿತು. ಹಳೆಯ ಡೀಸೆಲ್ ಕಾರನ್ನು ಒಳಗೇ ಬಿಡದ ನಗರಗಳೂ ಇವೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡುವವರು ಮೊದಲು ತಮ್ಮ ಕಡೆಯ ನಿಯಮ ನೋಡಿಕೊಳ್ಳಿ.

ಟಾರ್ಕ್‌ಪ್ರಿಯ ಅವರು ಹೇಳಿದ ಹಾಗೆ ವಾರಕ್ಕೆರಡು ಸಲ ಹೈವೇ ಇದ್ದರೆ ಈ ಯಾವ ತೊಂದರೆಯೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಸಾಲದು.

ಎರಡುಹೃದಯ:

ಹೈಬ್ರಿಡ್ ಓಡಿಸುವವಳು ನಾನು, ಹೈಬ್ರಿಡ್ ಅಂದರೇನು ಅಂತ ಯಾರೂ ಬಿಡಿಸಿ ಹೇಳಲಿಲ್ಲವಲ್ಲ. ಶೋರೂಮಿನಲ್ಲಿ ಮೂರು ಬೇರೆ ಬೇರೆ ಸಾಮಾನಿಗೆ ಇದೇ ಹೆಸರು ಹಚ್ಚಿ ಮಾರುತ್ತಾರೆ, ಹುಷಾರು.

ಮೈಲ್ಡ್ ಹೈಬ್ರಿಡ್ ಅಂದರೆ ದೊಡ್ಡ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಡೈನಮೋ) ಇದ್ದ ಹಾಗೆ, ಬಹುತೇಕ 48 ವೋಲ್ಟ್‌ನದು ಅಥವಾ ಅದಕ್ಕೂ ಸಣ್ಣದು. ಸ್ಟಾರ್ಟ್ ಮಾಡುವಾಗ, ವೇಗ ಹಿಡಿಯುವಾಗ ಎಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆ, ಅಷ್ಟೇ. ಅದರಿಂದ ಮೈಲೇಜ್‌ನಲ್ಲಿ ಪವಾಡ ಆಗುವುದಿಲ್ಲ.

ಫುಲ್ ಹೈಬ್ರಿಡ್ ಬೇರೆ ಜಾತಿ. 1997ರಲ್ಲಿ ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಬಂದಾಗಿನಿಂದ ಇರುವ ತಂತ್ರ ಇದು, ಪಳಗಿದೆ. ಬ್ಯಾಟರಿ ಚಿಕ್ಕದು, ಒಂದೆರಡು ಯೂನಿಟ್ ಹಿಡಿದರೆ ಹೆಚ್ಚು. ಆದರೆ ಜಾಮ್‌ನಲ್ಲಿ ಎಂಜಿನ್ ಆಫ್ ಆಗಿ ಮೋಟಾರಿನಲ್ಲೇ ಕಾರು ತೆವಳುತ್ತದೆ, ಬ್ರೇಕ್ ಒತ್ತಿದಾಗ ಅದೇ ಮೋಟಾರು ಡೈನಮೋ ಆಗಿ ಶಕ್ತಿಯನ್ನು ವಾಪಸ್ ಬ್ಯಾಟರಿಗೆ ತುಂಬುತ್ತದೆ. ಇನ್ನೊಂದು ಗುಟ್ಟು ಎಂಜಿನ್ನಿನಲ್ಲೇ ಇದೆ. ಅಟ್ಕಿನ್ಸನ್ ಸೈಕಲ್ ಅನ್ನುತ್ತಾರೆ, ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಳೆತ ಕಮ್ಮಿ, ಆದರೆ ಸುಟ್ಟ ಇಂಧನದಿಂದ ಪೂರ್ತಿ ಕೆಲಸ ಹಿಂಡಿಕೊಳ್ಳುತ್ತದೆ. ಕಮ್ಮಿಯಾದ ಎಳೆತವನ್ನು ಮೋಟಾರು ತುಂಬಿಕೊಡುತ್ತದೆ. ಹೀಗಾಗಿ ಒಳ್ಳೆಯ ಹೈಬ್ರಿಡ್‌ನ ಪೆಟ್ರೋಲ್ ಎಂಜಿನ್ ತನ್ನ ಅನುಕೂಲದ ವೇಗದಲ್ಲಿ ಇಂಧನದ ಶೇಕಡಾ 40ರಷ್ಟನ್ನು ಕೆಲಸಕ್ಕೆ ತರುತ್ತದೆ. ಡೀಸೆಲ್‌ಗೆ ಹೆಗಲೆಣೆ ಅಂದ ಹಾಗಾಯಿತು.

ಟಾರ್ಕ್‌ಪ್ರಿಯ ಸರ್, ಹೈವೇಯಲ್ಲಿ ಬ್ರೇಕ್ ಉಳಿತಾಯ ಇಲ್ಲ, ನಿಜ. ಈ ಎಂಜಿನ್ನಿನ ಉಳಿತಾಯ ಅಲ್ಲೂ ಇರುತ್ತದೆ. ಆದರೂ ನನ್ನ ಕಾರು ಊರೊಳಗೆ ಕೊಡುವಷ್ಟು ಹೈವೇಯಲ್ಲಿ ಕೊಡುವುದಿಲ್ಲ. ಬೇರೆ ಪೆಟ್ರೋಲ್ ಕಾರುಗಳಿಗೆ ಪೂರ್ತಿ ತಿರುಗುಮುರುಗು.

ಮೂರನೆಯದು ಪ್ಲಗ್-ಇನ್ ಹೈಬ್ರಿಡ್. ದೊಡ್ಡ ಬ್ಯಾಟರಿ, ಮನೆಯಲ್ಲಿ ಚಾರ್ಜ್ ಹಾಕಬೇಕು, ಖಾಲಿಯಾದರೆ ಪೆಟ್ರೋಲ್. ದಿನಾ ಚಾರ್ಜ್ ಹಾಕುವ ಶಿಸ್ತು ಇದ್ದವರಿಗೆ ತುಂಬಾ ಒಳ್ಳೆಯದು. ಆದರೆ ಬ್ರೋಷರ್ ಅಂಕಿ ಮಾತ್ರ ನಂಬಲೇಬೇಡಿ. ಯುರೋಪಿನಲ್ಲಿ ಕಾರುಗಳ ಒಳಗಿನ ಮೀಟರಿನಿಂದಲೇ ಮಾಹಿತಿ ತೆಗೆದು 2024ರಲ್ಲಿ ಯುರೋಪಿಯನ್ ಕಮಿಷನ್ ವರದಿ ಕೊಟ್ಟಿತು. ಪ್ಲಗ್-ಇನ್ ಕಾರುಗಳು ರಸ್ತೆಯ ಮೇಲೆ ಉಗುಳುವ ಇಂಗಾಲ ಲ್ಯಾಬಿನ ಅಂಕಿಯ ಮೂರೂವರೆ ಪಟ್ಟು ಇತ್ತು! ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಶೇಕಡಾ 20ರ ಆಸುಪಾಸು. ಜನ ಚಾರ್ಜೇ ಹಾಕದೆ ಬರೀ ಪೆಟ್ರೋಲ್‌ನಲ್ಲಿ ಓಡಿಸಿದರೆ ಇನ್ನೇನಾಗುತ್ತದೆ. ಭಾರದ ಬ್ಯಾಟರಿಯನ್ನು ಸುಮ್ನೆ ಹೊತ್ತು ತಿರುಗಿದ ಹಾಗೆ.

ಹಿಂದಿನಸೀಟು:

ಅಬ್ಬಾ, ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಗ್ರೀಸ್‌ಕೈ ಅವರ ಮಾತು ಓದಿ ಡೀಸೆಲ್ ಆಸೆ ಬಿಟ್ಟೆ.

ಲೆಕ್ಕದಪುಸ್ತಕ ಸರ್, ಪಾರ್ಕಿಂಗ್ ಜಾಗದಲ್ಲಿ ಒಂದು ಮಾಮೂಲಿ ಪ್ಲಗ್ ಇದೆ, ನಮ್ಮ ಮೀಟರಿಗೇ ಸೇರಿದೆ. ಗೋಡೆಗೆ ಹಾಕುವ ದೊಡ್ಡ ಚಾರ್ಜರ್‌ಗೆ ಅಪಾರ್ಟ್‌ಮೆಂಟಿನವರು ಇನ್ನೂ ಒಪ್ಪಿಲ್ಲ. ಯೂನಿಟ್ ದರ ಹಾಕಿ ನೋಡಿದೆ, ನೀವು ಹೇಳಿದ ಕಾಲು ಭಾಗಕ್ಕಿಂತ ಎಷ್ಟೋ ಕೆಳಗಿದೆ. ಆದರೆ ಮಾಮೂಲಿ ಪ್ಲಗ್‌ನಲ್ಲಿ ಕಾರು ಚಾರ್ಜ್ ಆಗುತ್ತದೆಯಾ? ಎರಡು ದಿನ ಬೇಕು ಅಂತ ಹೆದರಿಸುತ್ತಾರೆ. ಮತ್ತೆ ಆ ತಿಂಗಳಿಗೊಮ್ಮೆಯ ಪ್ರಯಾಣದ್ದೇ ಚಿಂತೆ.

ಮೌನಮೋಟಾರು:

ಖಾಲಿ ಬ್ಯಾಟರಿಯನ್ನು ಪೂರ್ತಿ ತುಂಬಲು ಎರಡು ರಾತ್ರಿಗೂ ಜಾಸ್ತಿ ಬೇಕಾಗಬಹುದು, ಆ ಮಾತು ಸುಳ್ಳಲ್ಲ. ಆದರೆ ದಿನಾ ಯಾರು ಖಾಲಿ ಮಾಡುತ್ತಾರೆ? ನಿಮ್ಮ 40 ಕಿ.ಮೀ.ಗೆ ಬೇಕಾಗುವುದು 7 ಯೂನಿಟ್ ಚಿಲ್ಲರೆ. ಮಾಮೂಲಿ ಪ್ಲಗ್ 2 ಕಿಲೋವ್ಯಾಟ್, ಅಂದರೆ ಗಂಟೆಗೆ 2 ಯೂನಿಟ್, ಕೊಟ್ಟರೂ ನಾಲ್ಕು ಗಂಟೆಯೊಳಗೆ ವಾಪಸ್ ತುಂಬುತ್ತದೆ, ನೀವು ಮಲಗಿರುತ್ತೀರಿ. ದೊಡ್ಡ ಚಾರ್ಜರ್ ನಿಮಗೆ ಅಷ್ಟು ಅರ್ಜೆಂಟ್ ಇಲ್ಲ. ಒಂದೇ ಒಂದು ಷರತ್ತು, ಆ ಪ್ಲಗ್ಗಿನ ವೈರಿಂಗ್ ಮತ್ತು ಅರ್ಥಿಂಗ್ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಗಂಟೆಗಟ್ಟಲೆ ಒಂದೇ ಸಮನೆ ಕರೆಂಟ್ ಎಳೆಯುವಾಗ ಹಳೆಯ ಸಾಕೆಟ್ ಕರಗುವುದುಂಟು. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಲೇಬೇಡಿ.

ಎಲೆಕ್ಟ್ರಿಕ್ ಯಾಕೆ ಇಷ್ಟು ಕಮ್ಮಿ ತಿನ್ನುತ್ತದೆ ಅಂದರೆ, ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಶಕ್ತಿ ಇರುತ್ತದೆ. ಲೆಕ್ಕದಪುಸ್ತಕ ಹಾಕಿದ ಅಂಕಿಯಲ್ಲಿ ಡೀಸೆಲ್ ಕಾರು 100 ಕಿ.ಮೀ.ಗೆ 55 ಯೂನಿಟ್‌ನಷ್ಟು ಉರಿಸುತ್ತದೆ, ಎಲೆಕ್ಟ್ರಿಕ್ 18ರಲ್ಲಿ ಮುಗಿಸುತ್ತದೆ. ಮಿಕ್ಕ ಡೀಸೆಲ್ ಎಲ್ಲ ರೇಡಿಯೇಟರ್, ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಯಿತು. ನಿಮ್ಮ ಕರೆಂಟು ಕಲ್ಲಿದ್ದಲಿನದಾದರೆ ಆ ಬಿಸಿ ಪವರ್ ಸ್ಟೇಷನ್ನಿನಲ್ಲಿ ಪೋಲಾಗಿರುತ್ತದೆ, ಅದನ್ನೂ ಹೇಳಿಬಿಡಬೇಕು. ಆದರೆ ನಿಮ್ಮ ಪ್ರಶ್ನೆ ಜೇಬಿನದು.

ಈಗ ಹೈವೇ. ಇಲ್ಲಿ ಎಲೆಕ್ಟ್ರಿಕ್ ಓಡಿಸುವ ನಮ್ಮವರು ಬಾಯಿಬಿಡದ ವಿಷಯ ಇದೆ. ಎಲೆಕ್ಟ್ರಿಕ್ ಕಾರು ಊರೊಳಗೆ ಕಮ್ಮಿ ತಿನ್ನುತ್ತದೆ, ಹೈವೇಯಲ್ಲಿ ಜಾಸ್ತಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಎಲ್ಲ ಕಾರಿಗೂ ಇದೇ ನಿಯಮ. ಪೆಟ್ರೋಲ್ ಎಂಜಿನ್ ಊರೊಳಗೇ ಅಷ್ಟು ಪೋಲು ಮಾಡುವುದರಿಂದ ಅದರಲ್ಲಿ ಇದು ಎದ್ದು ಕಾಣುವುದಿಲ್ಲ. ನಮ್ಮದರಲ್ಲಿ ಕಾಣುತ್ತದೆ. 60 ಯೂನಿಟ್ ಬ್ಯಾಟರಿ ಅಂತ ಇಟ್ಟುಕೊಳ್ಳಿ. 100ರ ವೇಗದಲ್ಲಿ 100 ಕಿ.ಮೀ.ಗೆ 20 ಯೂನಿಟ್ ಹೋದರೆ, ಪೂರ್ತಿ ತುಂಬಿ ಹೊರಟು ಶೇಕಡಾ 10ಕ್ಕೆ ಇಳಿಯುವಷ್ಟರಲ್ಲಿ 270 ಕಿ.ಮೀ. ಆಗಿರುತ್ತದೆ. ನಿಮ್ಮ 500ರಲ್ಲಿ ಒಂದು ಕಡೆಗೆ 250 ತಾನೇ? ತಲುಪುತ್ತೀರಿ, ಆದರೆ ಕಣ್ಣು ಮೀಟರಿನ ಮೇಲೇ ಇರುತ್ತದೆ. ಮಧ್ಯೆ ಒಂದು ಸಲ ಇಪ್ಪತ್ತು ನಿಮಿಷ ಫಾಸ್ಟ್ ಚಾರ್ಜ್ ಹಾಕಿ ಟೀ ಕುಡಿದರೆ ನೆಮ್ಮದಿ. ಚಾರ್ಜ್ ಶೇಕಡಾ 80 ದಾಟಿಸಲು ಕಾಯುತ್ತಾ ಕೂರಬೇಡಿ, ಅಲ್ಲಿಂದ ಮುಂದೆ ಚಾರ್ಜ್ ಆಗುವ ವೇಗವೇ ಬಿದ್ದುಹೋಗುತ್ತದೆ. ಕೊರೆಯುವ ಚಳಿಯ ಕಡೆ ಇರುವವರು ಇದಕ್ಕಿಂತ ದೊಡ್ಡ ಕಡಿತ ಇಟ್ಟುಕೊಳ್ಳಬೇಕು. ಬ್ಯಾಟರಿಯೂ ಮುದುಡುತ್ತದೆ, ಹೀಟರ್ ಬೇರೆ ಅದರಿಂದಲೇ ತಿನ್ನುತ್ತದೆ. ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಒಳಗೆಳೆದು ಕಮ್ಮಿ ಕರೆಂಟಿನಲ್ಲಿ ಕಾರು ಬೆಚ್ಚಗಿಡುವ ಹೀಟರ್) ಇರುವ ಮಾಡೆಲ್ ಸಿಕ್ಕರೆ ಅದನ್ನೇ ನೋಡಿ.

ಟಾರ್ಕ್‌ಪ್ರಿಯ:

ಹೋಗುವ ದಾರಿ ಆಯಿತು. ಅಲ್ಲಿ ಹೋಗಿ ಇಳಿದ ಕಡೆ ಪ್ಲಗ್ ಇಲ್ಲದಿದ್ದರೆ? ವಾಪಸ್ ಬರಲು ಫಾಸ್ಟ್ ಚಾರ್ಜರೇ ಗತಿ, ಆ ದರ ಎಷ್ಟೋ ಕಡೆ ಕಾಲು ಭಾಗದ ಗಡಿ ದಾಟುತ್ತದೆ ಅಂತ ಮೇಲೆ ಲೆಕ್ಕದಪುಸ್ತಕ ಅವರೇ ಹೇಳಿದ್ದಾರೆ. ಬ್ಯಾಟರಿ ಹೋದರೆ ಕಾರಿನ ಅರ್ಧ ದುಡ್ಡು ಹೋಯಿತು ಅನ್ನುವ ಮಾತು ಬೇರೆ ಇದೆ.

ಲೆಕ್ಕದಪುಸ್ತಕ:

ಸರಿಯಾದ ಪ್ರಶ್ನೆ. ಅದಕ್ಕೇ ಎರಡನ್ನೂ ಬೆರೆಸಿ ಲೆಕ್ಕ ಹಾಕಬೇಕು. 15,000ದಲ್ಲಿ 6,000 ಕಿ.ಮೀ. ದೂರದ ಪ್ರಯಾಣ. ಹೊರಡುವಾಗ ಮನೆಯ ಕರೆಂಟು ತುಂಬಿರುತ್ತದೆ, ಹಾಗಾಗಿ ಅದರಲ್ಲೂ ಸುಮಾರು ಅರ್ಧ, ಅಂದರೆ 3,000 ಕಿ.ಮೀ. ಮಾತ್ರ ಹೊರಗಿನ ಚಾರ್ಜರಿನದು. ಒಟ್ಟು ಓಡಾಟದ ಐದನೇ ಒಂದು ಭಾಗ. ಹೊರಗಿನ ದರ ಮನೆಯ ದರದ ಮೂರು ಪಟ್ಟು ಇದ್ದರೂ ಸರಾಸರಿ ಯೂನಿಟ್ ದರ ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ, ಅದಕ್ಕಿಂತ ಮೇಲೆ ಹೋಗಲ್ಲ. ಆ ಸರಾಸರಿಯನ್ನು ಕಾಲು ಭಾಗದ ಗಡಿಗೆ ಹಿಡಿದು ನೋಡಲಿ. ಮನೆಯಲ್ಲಿ ಪ್ಲಗ್ ಇಲ್ಲದವರಿಗೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅಂಥವರು ಹೈಬ್ರಿಡ್ ತಗೊಂಡು ಸುಮ್ಮನಿರುವುದು ವಾಸಿ.

ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ. ಇವರ ಓಟಕ್ಕೆ 8 ವರ್ಷದಲ್ಲಿ 1,20,000 ಆಗುತ್ತದೆ. ವಾರಂಟಿ ಕಾಗದದಲ್ಲಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಾಯಿಸಿಕೊಡುತ್ತಾರೆ ಅನ್ನುವ ಸಾಲು ಹುಡುಕಿ ಓದಿ, ಬಹಳ ಕಡೆ 70 ಅಂತ ಇರುತ್ತದೆ.

ಆದರೆ ಇಂಧನ ಉಳಿತಾಯ ಒಂದೇ ನೋಡಿ ಸಹಿ ಹಾಕಬೇಡಿ. ಕಾರಿನ ಬೆಲೆಗಳ ವ್ಯತ್ಯಾಸವನ್ನು ವರ್ಷದ ಉಳಿತಾಯದಿಂದ ಭಾಗಿಸಿ. ಉತ್ತರ ನೀವು ಕಾರು ಇಟ್ಟುಕೊಳ್ಳುವ ವರ್ಷಕ್ಕಿಂತ ಜಾಸ್ತಿ ಬಂದರೆ ಆ ಉಳಿತಾಯ ಕಾಗದದ ಮೇಲೆ ಮಾತ್ರ. ಹೈಬ್ರಿಡ್‌ಗೂ ಇದೇ ಲೆಕ್ಕ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡಿಸುವವರಿಗೆ ಎಷ್ಟೋ ಸಲ ಸಣ್ಣ ಪೆಟ್ರೋಲ್ ಕಾರೇ ಗೆಲ್ಲುತ್ತದೆ, ಯಾವ ಶೋರೂಮಿನವರೂ ಇದನ್ನು ಹೇಳುವುದಿಲ್ಲ.

ಗ್ರೀಸ್‌ಕೈ:

ಟೆಸ್ಟ್ ಡ್ರೈವ್‌ಗೆ ಹೋಗುವಾಗ ಎರಡು ಕೆಲಸ ಮಾಡಿ. ಹೊರಡುವ ಮುಂಚೆ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅವರು ತೋರಿಸುವ ಖಾಲಿ ರಸ್ತೆ ಬಿಟ್ಟು ನಿಮ್ಮ ಆಫೀಸ್ ದಾರಿಯಲ್ಲೇ ಓಡಿಸಿ, ಎಸಿ ಹಾಕಿಕೊಂಡು. ಹತ್ತು ನಿಮಿಷದ ಸುತ್ತಾಟದಲ್ಲಿ ಏನೂ ಗೊತ್ತಾಗಲ್ಲ, ಅರ್ಧ ದಿನ ಕೊಡಿ ಅಂತ ಕೇಳಿ, ಗಿರಾಕಿ ಗಟ್ಟಿ ಅನ್ನಿಸಿದರೆ ಕೊಡುತ್ತಾರೆ. ಆಮೇಲೆ ಟೈರಿನ ಗಾಳಿ ನೋಡಿ. ಮೈಲೇಜ್ ಚೆನ್ನಾಗಿ ಕಾಣಲಿ ಅಂತ ಜಾಸ್ತಿ ತುಂಬಿಟ್ಟ ಶೋರೂಮ್ ಕಾರು ನಾನು ನೋಡಿದ್ದೇನೆ. ಎಲೆಕ್ಟ್ರಿಕ್ ತಗೊಂಡರೆ ಬ್ರೇಕ್ ಪ್ಯಾಡ್ ಬೇಗ ಸವೆಯಲ್ಲ, ಟೈರು ಸವೆಯುತ್ತದೆ, ಭಾರದ ಗಾಡಿ ಅದು. ಟೈರಿನ ಖರ್ಚೂ ಲೆಕ್ಕಕ್ಕೆ ಸೇರಿಸಿ.

ಹಿಂದಿನಸೀಟು:

ಶನಿವಾರ ಒಂದು ಎಲೆಕ್ಟ್ರಿಕ್, ಭಾನುವಾರ ಒಂದು ಹೈಬ್ರಿಡ್ ಅರ್ಧರ್ಧ ದಿನಕ್ಕೆ ಕೇಳಿದ್ದೇನೆ, ಎರಡಕ್ಕೂ ಹೂಂ ಅಂದಿದ್ದಾರೆ. ಎಲೆಕ್ಟ್ರಿಷಿಯನ್‌ಗೂ ಫೋನ್ ಮಾಡಿದೆ. ಮೀಟರ್ ಅಂಕಿ ಇಲ್ಲೇ ಹಾಕುತ್ತೇನೆ, ಲೆಕ್ಕದಪುಸ್ತಕ ಸರ್ ನೋಡಿಕೊಡಿ. ಟಾರ್ಕ್‌ಪ್ರಿಯ ಅವರೇ, ಹೋಗುವ ಕಡೆ ಪ್ಲಗ್ ಇದೆಯಾ ಅಂತ ವಿಚಾರಿಸಿದೆ. ಪಂಪ್‌ಸೆಟ್ ಪಕ್ಕ ಒಂದು ಇದೆಯಂತೆ, ಅರ್ಥಿಂಗ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.